ಅತ್ತೆಯ ಕೋಣೆಯ ಬೂಷ್ಟು

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನೀನು ಮೊದಲು ಕೇಳುವುದು ಮಕ್ಕಳ ವಿಷಯ. ಅವರು ಚೆನ್ನಾಗಿದ್ದಾರೆ. ಚೆನ್ನಾಗಿಲ್ಲದಿರುವುದು ನಮ್ಮ ಅತ್ತೆಯ ಕೋಣೆಯ ಗೋಡೆ. ಬೀರುವಿನ ಹಿಂದೆ ಮತ್ತೆ ಬೂಷ್ಟು ಹಿಡಿದಿದೆ, ಯಾರೋ ಮಸಿ ಕೈ ಒರೆಸಿದ ಹಾಗೆ. ಅತ್ತೆಯ ಕೆಮ್ಮು ನಿಲ್ಲುತ್ತಿಲ್ಲ. ಈ ಸಲವೂ ಗೋಡೆ ಒಣಗದಿದ್ದರೆ ಅಮ್ಮನನ್ನು ತಮ್ಮನ ಮನೆಗೆ ಬಿಟ್ಟುಬರುತ್ತೇನೆ ಎಂದು ಇವರು ಹೇಳಿಬಿಟ್ಟಿದ್ದಾರೆ. ಅಲ್ಲಿ ಅವರಿಗೆ ಹಜಾರದ ಸೋಫಾವೇ ಗತಿ.

ನಾನೇನು ಕೈಕಟ್ಟಿ ಕೂತಿರಲಿಲ್ಲ. ಸೋಪಿನ ನೀರಲ್ಲಿ ಗೋಡೆ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ, ಗಾಳಿಯಾಡಲಿ ಎಂದು ಬೀರುವನ್ನು ಗೇಣುದ್ದ ಈಚೆಗೆ ಎಳೆಸಿದೆ. ಬಿಸಿಲು ಬಿದ್ದ ಕೂಡಲೇ ಕಿಟಕಿ ತೆರೆದು ಫ್ಯಾನ್ ಹಾಕುತ್ತಿದ್ದೆ. ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಕಿಟಕಿ ಮುಚ್ಚಿರುತ್ತಿತ್ತು, ಬಾಗಿಲಿಗೆ ಚಿಲಕ. ಕೇಳಿದರೆ, “ನನಗೆ ಗಾಳಿ ಆಗಲ್ಲಮ್ಮ” ಎನ್ನುವರು. ಅದೇ ಅತ್ತೆ ಸಂಜೆ ಹೊರಬಾಗಿಲಲ್ಲಿ ಗಾಳಿಗೆ ಮುಖವೊಡ್ಡಿ ಕೂರುತ್ತಾರೆ. ಬೂಷ್ಟು ಇನ್ನಷ್ಟು ಹರಡಿತು.

ಹೊರಗೋಡೆಗೆ ಹೋದ ಬೇಸಿಗೆಯಲ್ಲೇ ಹೊಸ ಗಾರೆಯಾಗಿದೆ. ಆ ಕಡೆ ಕೊಳಾಯಿಯೂ ಇಲ್ಲ. ಹಾಗಾದರೆ ತೇವ ಎಲ್ಲಿಂದ? ಅತ್ತೆ ಬೇಕೆಂದೇ ಮಾಡುತ್ತಿದ್ದಾರೆ, ಮೈದುನನ ಮನೆ ಸೇರಿ ‘ಸೊಸೆ ಓಡಿಸಿದಳು’ ಎಂದು ಬಂಧುಗಳ ಮುಂದೆ ಹೇಳಿಕೊಳ್ಳುವ ಉಪಾಯ ಎಂದುಕೊಂಡೆ. ನಿನಗೆ ಗೊತ್ತಲ್ಲ, ನನ್ನ ಅನುಮಾನ ಒಮ್ಮೆ ಹೊರಟಿತೆಂದರೆ ಚಪ್ಪಲಿ ಹಾಕಿಕೊಳ್ಳಲೂ ನಿಲ್ಲುವುದಿಲ್ಲ.

ನಿನ್ನೆ ಅವರು ಬಚ್ಚಲಿಗೆ ಹೋದದ್ದೇ ಕೋಣೆಗೆ ನುಗ್ಗಿದೆ. ಬೀರುವಿನ ಹಿಂದೆ, ನಾನೇ ಮಾಡಿಕೊಟ್ಟ ಸಂದಿಯಲ್ಲಿ, ಹಗ್ಗ ಕಟ್ಟಿದೆ. ಅದರ ಮೇಲೆ ತೊಟ್ಟಿಕ್ಕುವ ಲಂಗಗಳು.

ತಿರುಗಿದರೆ ಅತ್ತೆ. “ನೋಡಿದ್ಯಲ್ಲ, ಈಗ ಸಮಾಧಾನನಾ?” ಎಂದರು.

ಹೊರಗಿನ ಹಗ್ಗಕ್ಕೆ ಹಾಕಬಾರದಿತ್ತೇ ಎಂದೆ.

“ಹಾಕಿದ್ರೆ, ದಿನಾ ಇಷ್ಟು ಲಂಗ ಯಾಕೆ ಒಗೀತೀರ ಅಂತ ನೀನೇ ಕೇಳ್ತಿದ್ದೆ. ನಿನ್ನ ಕಣ್ಣೇನು ಕಡಿಮೇನಾ?”

ಆಮೇಲೆ ಮಂಚದ ತುದಿಯಲ್ಲಿ ಕೂತು ಮೆಲ್ಲಗೆ ಹೇಳಿದರು. ಕೆಮ್ಮಿದಾಗಲೆಲ್ಲ ತಡೆಯಲಾಗದೆ ಉಚ್ಚೆ ಹೋಗಿಬಿಡುತ್ತದಂತೆ. “ಅವನಿಗೆ ಹೇಳ್ಬೇಡ ಕಣೇ. ಆ ಹಜಾರದಲ್ಲಿ ನಾನು ಎಲ್ಲಿ ಬಚ್ಚಿಡ್ಲಿ?”

ತೇವದಿಂದ ಕೆಮ್ಮು, ಕೆಮ್ಮಿನಿಂದ ಲಂಗ, ಲಂಗದಿಂದ ತೇವ. ನಾನು ಮಾತ್ರ ಗೋಡೆ ತಿಕ್ಕುತ್ತಿದ್ದೆ.

ಇವತ್ತಿನಿಂದ ಅವು ಹೊರಗೆ, ನನ್ನ ದೊಡ್ಡ ಹೊದಿಕೆಯ ಮರೆಯಲ್ಲಿ ಒಣಗುತ್ತಿವೆ. ಕಿಟಕಿ ತೆರೆದೇ ಇದೆ. ಅತ್ತೆ ಸೊಸೆ ಪಿಸುಗುಡುವುದನ್ನು ಕಂಡು ಇವರಿಗೀಗ ಅನುಮಾನ ಶುರುವಾಗಿದೆ. ಆಗಲಿ.

ನಿನ್ನ
ಗುಬ್ಬಿ

ಬರೆಯಲೋ ಬೇಡವೋ ಎಂದುಕೊಂಡೇ ಬರೆಯುತ್ತಿದ್ದೇನೆ: ಆ ಹೊದಿಕೆಯ ಮರೆಯಲ್ಲಿರುವ ಲಂಗಗಳಲ್ಲಿ ಒಂದು ನನ್ನದು. ಎರಡನೇ ಹೆರಿಗೆಯಾದಾಗಿನಿಂದ ನನಗೂ ಹೀಗೇ. ಯಾರಿಗೂ ಹೇಳಿರಲಿಲ್ಲ, ನಿನ್ನೆ ಅತ್ತೆಗೆ ಹೇಳಿದೆ. ಗುರುವಾರ ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋಗುತ್ತಿದ್ದೇವೆ. ಹೋದ ಸಲ ಬಂದಾಗ ನೀನು ನಗುನಗುತ್ತಲೇ ಇದ್ದಕ್ಕಿದ್ದಂತೆ ಎದ್ದು ಒಳಗೆ ಓಡಿದೆಯಲ್ಲ, ನನಗೆ ಯಾಕೋ ಅನುಮಾನ. ನಿನ್ನ ಹೆಸರನ್ನೂ ಬರೆಸಲೇ?