ಹಾಲಪ್ಪ ಸರ್ ಹೊಡೆದುಹಾಕಿದ ಹೆಸರು

ನವುಲೆ, ಶಿವಮೊಗ್ಗ
೧೨-೨-೧೯೯೯

ಪೂಜ್ಯ ಅಪ್ಪನವರಿಗೆ ಶೀಲಾ ಮಾಡುವ ನಮಸ್ಕಾರಗಳು.

ಭತ್ತದ ಬೆಂಕಿರೋಗದ ಬಗ್ಗೆ ನಾನು ಬರೆದ ಲೇಖನ ಜರ್ನಲ್‌ನಲ್ಲಿ ಅಚ್ಚಾಗಿದೆ. ನೀವು ಹೇಳಿದಂತೆ, ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರು ಹಾಕುವ ಹಾಗೆ, ನಮ್ಮ ವಿಭಾಗದ ಮುಖ್ಯಸ್ಥರಾದ ಹಾಲಪ್ಪ ಸರ್ ಹೆಸರನ್ನೇ ಮೊದಲು ಹಾಕಿದ್ದೆ. ಕಳಿಸುವ ಮುಂಚೆ ಅವರೇ ಅದನ್ನು ಹೊಡೆದುಹಾಕಿದರು.

"ನಾನು ಗದ್ದೆಗೇ ಇಳಿದಿಲ್ಲ. ಮಳೆಗಾಲ ಪೂರ್ತಿ ನಿನ್ ಜೊತೆ ಕೆಸರಲ್ಲಿ ನಿಂತು ಎಲೆ ನೋಡ್ದೋನ ಹೆಸರೆಲ್ಲಿ ಮಾರಾಯ್ತಿ?" ಎಂದರು.

ಹಾಗೆ ನಿಂತವರ ಹೆಸರು ನನ್ನ ಹೆಸರಿನ ಪಕ್ಕ ಬಂದರೆ ಜನ ಏನೆಂದುಕೊಳ್ಳುತ್ತಾರೋ ಎಂದು ನಾನೇ ಅದನ್ನು ಬಿಟ್ಟಿದ್ದೆ. ಸರ್ ತಮ್ಮ ಪೆನ್ನಿನಲ್ಲೇ ನನ್ನ ಹೆಸರಿನ ಪಕ್ಕ 'ಲೋಕೇಶ್' ಎಂದು ಬರೆದರು.

ಲೋಕೇಶ್ ಹೊಳಲೂರಿನವರು, ನನ್ನ ಜೊತೆಗೇ ಓದುತ್ತಿರುವವರು. ಭಾನುವಾರ ಜರ್ನಲ್ ಹಿಡಿದು ನನ್ನ ಜೊತೆ ಭದ್ರಾವತಿಗೆ ಬರುತ್ತಾರೆ. ಅಮ್ಮನಿಗೆ ಕಡುಬು ಮಾಡಲು ಹೇಳಿ. ಅವತ್ತು ನೀವು ಫ್ಯಾಕ್ಟರಿಯಲ್ಲಿ ಓಟಿ ಒಪ್ಪಿಕೊಳ್ಳಬೇಡಿ, ಅವರು ನಿಮ್ಮ ಹತ್ತಿರ ಏನೋ ಮಾತಾಡಬೇಕಂತೆ.

ಹಿರಿಯರ ಹೆಸರನ್ನೆಲ್ಲ ಹಾಕಿಸುವ ಪತ್ರಿಕೆ ಬೇರೆ ಇದೆ, ಅಪ್ಪ. ಅದನ್ನು ಅಚ್ಚು ಹಾಕಿಸುವುದು ನಿಮ್ಮ ಕೈಯಲ್ಲಿದೆ.

ನಿಮ್ಮ ಮಗಳು,
ಶೀಲಾ