ಒಂಟಿತನಕ್ಕೆ ಸೊನ್ನೆ ಅಂಕ

ಗುರುವಾರ, ಹದಿನೇಳನೇ ತಾರೀಖು
ಮಧ್ಯಾಹ್ನ ಮೂರು ಗಂಟೆ

ನನ್ನ ಮುದ್ದು ಕತ್ತೆಗೆ,

ಅಮ್ಮ ಕಾಗದ ಬರೆದಿದ್ದಾಳೆ ಅಂದ ಕೂಡಲೇ ಗಾಬರಿಯಾಗಬೇಡ. ನನ್ನ ಸೊಂಟ ಮುರಿದಿಲ್ಲ, ಬಿ.ಪಿ. ಹದ್ದುಬಸ್ತಿನಲ್ಲಿದೆ, ಗ್ಯಾಸ್ ಆರಿಸಿಯೇ ಕೂತಿದ್ದೇನೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂತ ಕೇಳುತ್ತೀಯ. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನೀನು ಅದಕ್ಕೆ ಪರಿಹಾರ ಹುಡುಕಿ ಮುಗಿಸಿರುತ್ತೀಯ. ದಿನವಿಡೀ ಆಸ್ಪತ್ರೆಯ ಲ್ಯಾಬಿನಲ್ಲಿ ಮಂದಿಯ ರಕ್ತ ಪರೀಕ್ಷೆ ಮಾಡಿ ಮಾಡಿ ನಿನಗೆ ಎಲ್ಲದರ ರಿಪೋರ್ಟೂ ಸಂಜೆಯೊಳಗೆ ಬೇಕು. ಈ ವಿಷಯ ಹಾಗೆ ಮುಗಿಯುವಂಥದ್ದಲ್ಲ. ಊಟ ಮಾಡಿ, ಕೈ ತೊಳೆದು, ಸಮಾಧಾನವಾಗಿ ಕೂತು ಓದು.

ಮೊದಲು ಒಂದು ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಹಿರಿಯರ ಕೂಟ ನಡೆಯುತ್ತಿಲ್ಲ. ಬಾಗಿಲು ಹಾಕಿ ಮೂರು ತಿಂಗಳಾಯಿತು. ಪ್ರತಿ ಭಾನುವಾರ ನೀನು ಕೂಟದಲ್ಲಿ ಏನು ಸಮಾಚಾರ ಅಂತ ಕೇಳಿದಾಗ, ಡ್ರೈವರಣ್ಣ ಇಸ್ಪೀಟಿನಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ, ಟೈಲರಮ್ಮ ಎಲ್ಲರಿಗೂ ಕೈಚೀಲ ಹೊಲಿದುಕೊಟ್ಟಳು ಅಂತೆಲ್ಲ ಹೇಳಿದೆನಲ್ಲ, ಅದೆಲ್ಲ ನಾನು ಶನಿವಾರವೇ ಕೂತು ಹೆಣೆದಿಟ್ಟುಕೊಂಡ ಕಥೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು, ಕಾಪಿ ಹೊಡೆದವರ ಕಿವಿ ಹಿಂಡಿದವಳು, ಈ ವಯಸ್ಸಿನಲ್ಲಿ ಹೆತ್ತ ಮಗಳಿಗೆ ಸುಳ್ಳು ಪೋಣಿಸಿದೆ. ಬೈಯುವುದಿದ್ದರೆ ಈಗಲೇ ಬೈದುಬಿಡು, ಮುಂದೆ ಬೈಯಲು ಇನ್ನೂ ದೊಡ್ಡದಿದೆ.

ಕೂಟ ಅಂದರೆ ನಿನ್ನ ಕಣ್ಣಿಗೆ ಏನು ಕಂಡಿತ್ತೋ. ಒಮ್ಮೆ ಬಂದಾಗ ಬಾಗಿಲಲ್ಲೇ ನಿಂತು ಇಣುಕಿ, ಪರವಾಗಿಲ್ಲಮ್ಮ, ಒಳ್ಳೆ ಟೈಂಪಾಸು ಅಂದಿದ್ದೆ. ಗ್ರಂಥಾಲಯದ ಮೇಲಿನ ಆ ಉದ್ದನೆಯ ಕೋಣೆ, ಇಪ್ಪತ್ತಮೂರು ಕುರ್ಚಿ, ಸೋಮವಾರದಿಂದ ಶುಕ್ರವಾರದವರೆಗೆ ಹತ್ತರಿಂದ ಒಂದು. ಕೋಣೆಯ ಬಾಡಿಗೆ, ಎರಡು ಸಲದ ಚಹಾ, ಸಂಯೋಜಕಿಯ ಸಂಬಳ ಎಲ್ಲ ಸರ್ಕಾರದ ಅನುದಾನ. ಕೆಳಗಿನ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನೆಲ್ಲ ಮೇಲೆ ತಂದು ನಾವೇ ಗೋಂದು ಹಚ್ಚಿ ಬೆನ್ನು ಕಟ್ಟುತ್ತಿದ್ದೆವು. ಡ್ರೈವರಣ್ಣ ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದವನು. ಚಾಲಕರೊಂದಿಗೆ ಮಾತನಾಡಬಾರದು ಅಂತ ಬರೆದ ಬೋರ್ಡಿನ ಕೆಳಗೆ ಕೂತೂ ಕೂತೂ ಉಳಿಸಿಕೊಂಡಿದ್ದ ಮಾತನ್ನೆಲ್ಲ ಅವನು ನಮ್ಮ ಮೇಲೆ ಸುರಿಯುತ್ತಿದ್ದ. ಸಾಕು ಮಾರಾಯ, ಮುಂದಿನ ಸ್ಟಾಪಿನಲ್ಲಿ ನನ್ನನ್ನು ಇಳಿಸು ಅಂತ ನಾನು ರೇಗಿಸಿದರೆ, ಇದು ಎಕ್ಸ್‌ಪ್ರೆಸ್ಸು ಟೀಚರ್, ನಿಲ್ಲಲ್ಲ ಅನ್ನುತ್ತಿದ್ದ. ನಿಮ್ಮಪ್ಪ ಹೋದ ಮೇಲೆ ಬೆಳಿಗ್ಗೆ ಎಂಟಕ್ಕೆ ಬಟ್ಟೆ ಇಸ್ತ್ರಿ ಮಾಡಿಕೊಳ್ಳಲು ನನಗಿದ್ದ ಕಾರಣ ಅದೊಂದೇ.

ಈಗ ದೊಡ್ಡದಕ್ಕೆ ಬರುತ್ತೇನೆ. ಕೂಟ ಮುಚ್ಚಿದ್ದು ನನ್ನಿಂದ.

ವರ್ಷಕ್ಕೊಮ್ಮೆ ಇಲಾಖೆಯಿಂದ ಒಂದು ಫಾರ್ಮು ಬರುತ್ತಿತ್ತು. ಹತ್ತು ಪ್ರಶ್ನೆ. ದಿನವಿಡೀ ಮಾತನಾಡಿಸುವವರಿಲ್ಲ ಅನಿಸುತ್ತದೆಯೇ, ಕಷ್ಟ ಹೇಳಿಕೊಳ್ಳಲು ಯಾರೂ ಇಲ್ಲ ಅನಿಸುತ್ತದೆಯೇ, ಇಂಥವು. ಎಂದೂ ಇಲ್ಲ ಅಂದರೆ ಸೊನ್ನೆ, ಯಾವಾಗಲೂ ಅಂದರೆ ಮೂರು. ಮೊದಲೆಲ್ಲ ಸಂಯೋಜಕಿಯೇ ಒಬ್ಬೊಬ್ಬರನ್ನೂ ಕಿಟಕಿಯ ಹತ್ತಿರ ಕರೆದು, ಮೆಲ್ಲಗೆ ಮಾತನಾಡಿಸಿ, ತಾನೇ ತುಂಬಿಸುತ್ತಿದ್ದಳು. ಈ ಸಲ ಸದಸ್ಯರೇ ಸ್ವತಃ ತುಂಬಿಸಬೇಕು ಅಂತ ಹೊಸ ನಿಯಮ ಬಂತು. ಅವಳು ಫಾರ್ಮು ಹಂಚಿ, ನಿಮ್ಮ ಮನಸ್ಸಿಗೆ ಬಂದದ್ದನ್ನ ಬರೀರಿ, ಒಬ್ಬರದ್ದು ಒಬ್ಬರು ನೋಡ್ಬೇಡಿ ಅಂತ ಹೇಳಿ ಜೆರಾಕ್ಸಿಗೆಂದು ಕೆಳಗೆ ಹೋದಳು.

ಅವಳು ಹೋದದ್ದೇ ತಡ, ನನ್ನೊಳಗಿನ ಟೀಚರು ಎದ್ದು ನಿಂತಳು. ಶಾಲೆಗೆ ಇನ್‌ಸ್ಪೆಕ್ಟರು ಬರುವ ದಿನ ನಾವು ಏನು ಮಾಡುತ್ತಿದ್ದೆವು ಹೇಳು. ಉತ್ತರ ಬಾಯಿಪಾಠ ಮಾಡಿಸಿ ಮಕ್ಕಳನ್ನು ಸಾಲಾಗಿ ಕೂರಿಸುತ್ತಿದ್ದೆವು. ಶಾಲೆ ಚೆನ್ನಾಗಿದೆ ಅಂತ ಅವರು ಬರೆದುಕೊಂಡು ಹೋದರೆ ನಮಗೆ ಇನ್ನೊಂದು ಕೋಣೆ ಮಂಜೂರಾಗುತ್ತಿತ್ತು. ಇದೂ ಹಾಗೇ ಅಂದುಕೊಂಡೆ. ನೋಡ್ರಪ್ಪ, ಕೂಟಕ್ಕೆ ಬಂದು ನಮ್ಮ ಒಂಟಿತನ ಹೋಗಿದೆ ಅಂತ ಸರ್ಕಾರಕ್ಕೆ ಗೊತ್ತಾಗಬೇಕು, ಎಲ್ಲದಕ್ಕೂ ಸೊನ್ನೆ ಹಾಕಿ ಅಂದೆ. ಟೈಲರಮ್ಮ ಒಂದು ಕಡೆ ಎರಡು ಬರೆದಿದ್ದಳು. ಅಳಿಸಿ ಸೊನ್ನೆ ಮಾಡಿಸಿದೆ. ಮನೆಯಲ್ಲಿ ಒಬ್ಬರೇ ಇರುವ ಕಂಪೌಂಡರು, ಅಲ್ಲ ಟೀಚರ್, ನಾನು ನಿಜವಾಗ್ಲೂ ಅಂತ ಏನೋ ಹೇಳಲು ಬಂದರು. ನೀವು ಸುಮ್ಮನೆ ಬರೀರಿ, ಕೂಟಕ್ಕೆ ಒಳ್ಳೇದಾಗಲಿ ಅಂತ ಬಾಯಿ ಮುಚ್ಚಿಸಿದೆ. ಬರುಬರುತ್ತಾ ಅವರಿಗೂ ಉತ್ಸಾಹ ಬಂತು. ಸಂಯೋಜಕಿ ಮೇಲೆ ಬರುವಷ್ಟರಲ್ಲಿ ಇಪ್ಪತ್ತಮೂರು ಫಾರ್ಮು, ಇನ್ನೂರ ಮೂವತ್ತು ಸೊನ್ನೆ. ಅವಳು ನಮ್ಮನ್ನು ನಂಬಿ, ನೋಡದೆಯೇ ಲಕೋಟೆಗೆ ಹಾಕಿ ಅಂಟಿಸಿದಳು.

ಒಂದೂವರೆ ತಿಂಗಳಿಗೆ ಉತ್ತರ ಬಂತು. ಸದಸ್ಯರಲ್ಲಿ ಒಂಟಿತನದ ಅಂಶ ಕಂಡುಬಂದಿಲ್ಲವಾದ್ದರಿಂದ ಅನುದಾನವನ್ನು ಹೆಚ್ಚಿನ ಅಗತ್ಯವಿರುವ ಕೇಂದ್ರಗಳಿಗೆ ವರ್ಗಾಯಿಸಲಾಗಿದೆ. ಎರಡೇ ಸಾಲು. ಸಂಯೋಜಕಿ ಅದನ್ನು ಎಲ್ಲರೆದುರು ಓದಿ, ಇದು ಹೇಗಾಯ್ತು ಅಂತ ನಮ್ಮ ಮುಖ ನೋಡಿದಳು. ಯಾರೂ ನನ್ನ ಕಡೆ ತಿರುಗಲಿಲ್ಲ. ನಾನೇ ಎದ್ದು ಹೇಳಿದೆ. ಕೇಳಿ ಅವಳು ಬೈಯಲಿಲ್ಲ, ಕುರ್ಚಿಯಲ್ಲಿ ಕೂತು ಕಣ್ಣು ಒರೆಸಿಕೊಂಡಳು. ಟೈಲರಮ್ಮ, ಬಿಡಿ ಟೀಚರ್, ನಮಗೂ ಬುದ್ಧಿ ಇರ್ಲಿಲ್ವಾ ಅಂದಳು. ಆ ಮಾತಿಗಿಂತ ಅವಳು ನನ್ನ ಕಪಾಳಕ್ಕೆ ಬಾರಿಸಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ಸಂಯೋಜಕಿಯೂ ನಾನೂ ಇಲಾಖೆಗೆ ಹೋದೆವು. ಅಧಿಕಾರಿ ನಿನ್ನ ವಯಸ್ಸಿನವನು, ಕೆಟ್ಟವನಲ್ಲ. ಕುರ್ಚಿ ಹಾಕಿಸಿ ಕೂರಿಸಿದ. ಜ್ವರ ಇಲ್ಲ ಅಂತ ನೀವೇ ಬರೆದುಕೊಟ್ಟ ಮೇಲೆ ಔಷಧಿ ಹೇಗಮ್ಮ ಕೊಡೋದು ಅಂದ. ನಾನು ಎಲ್ಲ ಬಿಡಿಸಿ ಹೇಳಿದೆ. ಅವನು ಬಹಳ ಹೊತ್ತು ನಿಯಮದ ಪುಸ್ತಕ ತಿರುವಿ ಒಂದು ದಾರಿ ತೋರಿಸಿದ. ಹದಿನೈದು ದಿನದೊಳಗೆ ಕನಿಷ್ಠ ಹತ್ತು ಮಂದಿ ಸದಸ್ಯರು ಹೊಸದಾಗಿ, ನಿಜವಾದ ಉತ್ತರ ಬರೆದು ಕೊಟ್ಟರೆ ಮರುಪರಿಶೀಲನೆಗೆ ಕಳಿಸಬಹುದು. ಆದರೆ ಈ ಸಲ ಕೊನೆಯಲ್ಲಿ ಹತ್ತಿರದ ಸಂಬಂಧಿಕರ ಹೆಸರು, ವಿಳಾಸ ಇರಬೇಕು. ಮತ್ತೆ ಸುಳ್ಳಾಗಬಾರದೆಂದು ಇಲಾಖೆ ಆ ಉತ್ತರದ ಪ್ರತಿಯನ್ನು ಅವರಿಗೆ ಕಳಿಸಿ ವಿಚಾರಿಸುತ್ತದೆ.

ಸಂಯೋಜಕಿಗೆ ಆಗಲೇ ಬೇರೆ ಕೆಲಸ ಹುಡುಕುವ ಚಿಂತೆ ಹತ್ತಿತ್ತು. ಫಾರ್ಮಿನ ಕೆಲಸ ನಾನು ಹೊತ್ತುಕೊಂಡೆ. ಕೆಡಿಸಿದವಳು ನಾನೇ ತಾನೇ. ಒಂದೊಂದು ಮನೆಯ ಮೆಟ್ಟಿಲನ್ನೂ ಹತ್ತಿದೆ. ನನ್ನ ಮಂಡಿಯ ಬಗ್ಗೆ ಈಗ ಉಪನ್ಯಾಸ ಬೇಡ.

ಡ್ರೈವರಣ್ಣ ನನ್ನನ್ನು ಒಳಗೆ ಕರೆಯಲಿಲ್ಲ. ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ನಿಂತು ಪಿಸುಗುಟ್ಟಿದ. ನನ್ನ ಮಗ ಒಳ್ಳೆಯವ್ನು ಟೀಚರ್, ಎರಡು ಶಿಫ್ಟ್ ಮಾಡಿ ಬರ್ತಾನೆ, ಅಪ್ಪನ್ನ ಯಾರೂ ಮಾತಾಡ್ಸಲ್ಲ ಅಂತ ಅವನ ಕೈಗೆ ಕಾಗದ ಬಂದ್ರೆ ಅವನು ಏನಾಗ್ಬೇಕು ಅಂದ. ಟೈಲರಮ್ಮನ ಮನೆಯಲ್ಲಿ ಸೊಸೆ ಚಹಾ ಕೊಟ್ಟು ಅಲ್ಲೇ ನಿಂತಳು. ಮೊಮ್ಮಗಳ ಓದಿಗೆ ಸದ್ದಾಗುತ್ತದೆಂದು ಹೊಲಿಗೆ ಮೆಷಿನ್ ಮಾರಿದ್ದಾರೆ. ನಂಗೇನು ಕಮ್ಮಿ ಟೀಚರ್, ರಾಣಿ ಹಾಗೆ ನೋಡ್ಕೋತಾರೆ ಅಂತ ಟೈಲರಮ್ಮ ನಕ್ಕಳು. ನಗುವಾಗ ಅವಳ ಬೆರಳು ಇಲ್ಲದ ದಾರವನ್ನು ಹೊಸೆಯುತ್ತಿತ್ತು. ಎಲ್ಲ ಮನೆಯಲ್ಲೂ ಇದೇ. ತಾನು ಒಂಟಿ ಅಂತ ಒಪ್ಪಿಕೊಂಡರೆ ಅದು ಮಕ್ಕಳ ಮೇಲೆ ಚಾಡಿ ಹೇಳಿದಂತೆ ಆಗುತ್ತದಲ್ಲ, ಆ ಸಂಕಟ. ನನಗೆ ಅವರನ್ನು ಒತ್ತಾಯಿಸಲು ಬಾಯಿ ಬರಲಿಲ್ಲ, ಆದರೂ ಮತ್ತೆ ಮತ್ತೆ ಹೋದೆ.

ಹತ್ತು ಆಗಲಿಲ್ಲ. ಹದಿನೈದು ದಿನ ಮುಗಿಯಿತು.

ಕೂಟದ ಕೊನೆಯ ದಿನ ಇಲಾಖೆಯ ಟೆಂಪೊ ಬಂತು. ಪಟ್ಟಿ ನೋಡಿ ನೋಡಿ ಕುರ್ಚಿ, ಕಪಾಟು, ಚಹಾದ ಫ್ಲಾಸ್ಕು, ಗೋಡೆ ಗಡಿಯಾರ ಎಲ್ಲ ಇಳಿಸಿದರು. ಓಣಿ ಇಕ್ಕಟ್ಟು, ಗಾಡಿ ಹಿಂದಕ್ಕೆ ಬರಲು ಒದ್ದಾಡುತ್ತಿತ್ತು. ಡ್ರೈವರಣ್ಣನಿಗೆ ತಡೆಯಲಾಗಲಿಲ್ಲ. ಹಿಂದೆ ಹೋಗಿ ನಿಂತು, ತಗಡಿನ ಮೇಲೆ ಕೈ ಬಡಿದು, ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ ಅಂತ ದಾರಿ ತೋರಿಸಿದ. ನಮ್ಮ ಕುರ್ಚಿಗಳನ್ನು ಒಂದು ಗೀರೂ ಬೀಳದಂತೆ ಅವನೇ ಕಳಿಸಿಕೊಟ್ಟ. ಆಮೇಲೆ ಎಲ್ಲರೂ ಮನೆಗೆ ಹೋದೆವು.

ಈಗ ಆ ಕೋಣೆಯಲ್ಲಿ ಕೆಟ್ಟ ಬೀದಿದೀಪಗಳನ್ನು ತುಂಬಿದ್ದಾರೆ. ಸಂಯೋಜಕಿ ಯಾವುದೋ ಬಟ್ಟೆ ಅಂಗಡಿಯಲ್ಲಿ ಮಡಚುವ ಕೆಲಸಕ್ಕೆ ಸೇರಿದ್ದಾಳೆ. ಡ್ರೈವರಣ್ಣ ಕೆಲವು ದಿನ ಹಿರಿಯರ ಪಾಸಿನಲ್ಲಿ ಈ ತುದಿಯಿಂದ ಆ ತುದಿಗೆ ಬಸ್ಸಿನಲ್ಲಿ ಓಡಾಡಿದ, ಜನರ ನಡುವೆ ಕೂರಲು. ಎಲ್ಲಾದರೂ ಬಿದ್ದಾನೆಂದು ಮಗ ಪಾಸು ತೆಗೆದಿಟ್ಟ. ಈಗ ಸಿಕ್ಕರೆ ಸರ್ಕಾರಕ್ಕೊಂದು ಬೈಗುಳ, ಉಳಿದದ್ದಕ್ಕೆಲ್ಲ ಹ್ಞೂಂ, ಉಹ್ಞೂಂ ಅಷ್ಟೇ. ಟೈಲರಮ್ಮ ಮೊನ್ನೆ ನನ್ನ ಕೈ ಹಿಡಿದು, ಇವತ್ತು ಯಾವ ವಾರ ಟೀಚರ್ ಅಂತ ಎರಡು ಸಲ ಕೇಳಿದಳು.

ಮತ್ತೆ ಕಂಪೌಂಡರು. ಕಳೆದ ವಾರ ಅವರು ಬಚ್ಚಲಲ್ಲಿ ಬಿದ್ದು ತೀರಿಕೊಂಡುಬಿಟ್ಟರು. ಗೊತ್ತಾಗಿದ್ದು ನಾಲ್ಕನೇ ದಿನ, ಹಾಲಿನವನು ಪಕ್ಕದವರಿಗೆ ಹೇಳಿದ ಮೇಲೆ. ಕೂಟ ಇದ್ದಿದ್ದರೆ ಹತ್ತೂವರೆಗೆ ಅವರ ಕುರ್ಚಿ ಖಾಲಿ ಇರುವುದನ್ನು ನೋಡಿ ಯಾರಾದರೂ ಓಡಿರುತ್ತಿದ್ದರು. ಹಾಗಂತ ಅವರು ಬದುಕುತ್ತಿದ್ದರೆಂದು ಹೇಳಲಾರೆ. ನಾಲ್ಕು ದಿನ ಹಾಗೆ ಬಿದ್ದಿರುತ್ತಿರಲಿಲ್ಲ, ಅಷ್ಟು ಮಾತ್ರ ಗೊತ್ತು. ಅವರನ್ನು ಕಳಿಸಿಕೊಟ್ಟು ಬಂದಾಗಿನಿಂದ ದಿನಾ ಹತ್ತೂವರೆಗೆ ಎದ್ದು ಗಡಿಯಾರ ನೋಡುತ್ತೇನೆ. ಅದಕ್ಕೇ ಈ ಕಾಗದ.

ನೀನು ಓಡಿಬರಬೇಡ. ನಿನ್ನ ಎರಡು ಕೋಣೆಯ ಮನೆಯಲ್ಲಿ ನಿಮ್ಮತ್ತೆಯ ಮಂಚದ ಪಕ್ಕ ನನಗೂ ಒಂದು ಮಂಚ ಹಾಕುತ್ತೇನೆ ಅಂತ ಹೋದ ವರ್ಷ ಹೇಳಿದ್ದೆಯಲ್ಲ, ಅದನ್ನು ನಾನು ಮರೆತಿಲ್ಲ. ಆದರೆ ಇಬ್ಬರು ಮುದುಕಿಯರ ಕೆಮ್ಮಿನ ನಡುವೆ ನಿನ್ನ ಗಂಡ ಮಕ್ಕಳು ಎಲ್ಲಿ ಕಾಲು ಚಾಚಬೇಕು. ನನಗೆ ಇಲ್ಲಿ ಏನೂ ಆಗಿಲ್ಲ. ಟಿವಿ ಇದೆ, ಕಿಟಕಿ ಇದೆ. ಮಕ್ಕಳಿಗೆ ಮುತ್ತು. ಮಗ್ಗಿ ತಪ್ಪು ಹೇಳಿದರೆ ಹೊಡೆಯಬೇಡ, ಫೋನು ಹಾಕಿ ನನಗೆ ಕೊಡು.

ಇನ್ನೂ ನಿನಗೆ ಹೆದರುವ
ನಿನ್ನ ಅಮ್ಮ

ವಿ.ಸೂ.: ಕಾಗದವನ್ನು ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಹತ್ತು ಆಗಲಿಲ್ಲ ಅಂತ ಮೇಲೆ ಬರೆದಿದ್ದೇನೆ. ಎಷ್ಟಾಗಿತ್ತು ಅಂತ ನೀನು ಕೇಳಿಯೇ ಕೇಳುತ್ತೀಯ. ಒಂಬತ್ತು. ಮೊದಲು ತಂದುಕೊಟ್ಟವರು ಕಂಪೌಂಡರು. ಅವರಿಗೆ ಯಾರೂ ಇರಲಿಲ್ಲ, ಹತ್ತಿರದ ಸಂಬಂಧಿಕರು ಎಂಬಲ್ಲಿ ಕೂಟದ ಟೀಚರ್ ಅಂತ ಬರೆದು ನನ್ನ ವಿಳಾಸ ಹಾಕಿದ್ದರು. ಟೈಲರಮ್ಮ ಸೊಸೆಯ ಎದುರಿಗೇ ಕೂತು ಬರೆದಳು. ಡ್ರೈವರಣ್ಣ ಹದಿಮೂರನೇ ದಿನ ಅಂಗಿಯ ಜೇಬಿನಿಂದ ತೆಗೆದುಕೊಟ್ಟು, ಮಗನಿಗೆ ನಾನೇ ಮೊದ್ಲು ಹೇಳ್ಬಿಟ್ಟೆ, ಇಬ್ರೂ ಅತ್ವಿ ಅಂದ. ಹತ್ತನೆಯದು ನನ್ನದಾಗಬೇಕಿತ್ತು. ಟೀಚರು ಎಲ್ಲರಿಗಿಂತ ಮೊದಲೇ ಬರೆದಿರುತ್ತಾರೆ ಅಂತ ಅವರೆಲ್ಲ ಅಂದುಕೊಂಡಿದ್ದರು. ಹತ್ತೂ ಪ್ರಶ್ನೆಗೆ ನಿಜ ಬರೆದೆ, ಕೊನೆಯಲ್ಲಿ ನಿನ್ನ ಹೆಸರು ಬರೆಯಲು ಕೈ ಏಳಲಿಲ್ಲ. ನೀನು ಓದಿ ಬಂದು ಕರೆದುಕೊಂಡು ಹೋದರೆ ಅಂತ ಹೆದರಿದೆ. ಓದಿಯೂ ಬರದಿದ್ದರೆ ಅಂತ ಅದಕ್ಕಿಂತ ಹೆದರಿದೆ. ಒಂಬತ್ತೂ ನನ್ನ ಕಪಾಟಿನಲ್ಲೇ ಉಳಿದವು. ಇಲಾಖೆಯವರು ಒಪ್ಪಲಿಲ್ಲ ಅಂತ ಎಲ್ಲರಿಗೂ ಹೇಳಿದೆ. ಸಿಕ್ಕಾಗಲೆಲ್ಲ ಅವರು ಸರ್ಕಾರವನ್ನು ಬೈಯುತ್ತಾರೆ. ನಾನೂ ಅವರ ಜೊತೆ ಕೂತು ಬೈಯುತ್ತೇನೆ.