ಅಂಗೈ ನಾಯಿಯ ಸೋಮವಾರ

ಗಂಗಾವತಿ
೨೪ ಆಗಸ್ಟ್ ೨೦೨೪, ಶನಿವಾರ

ಲಲಿತಕ್ಕ, ನಿನಗೂ ಮನೆಯ ಹಿರಿಯರಿಗೂ ಶರಣು.

ನಿಮ್ಮೂರು ತಳಕಲ್ಲಿಗೆ ಫೋನು ಹಚ್ಚಿದರೆ ಮುಗಿಯುವ ಮಾತಿಗೆ ತಂಗಿ ಕಾಗದ ಯಾಕೆ ಬರೆದಳು ಅಂತ ನಗಬೇಡ. ನಿನ್ನ ದನಿ ಕೇಳಿದೊಡನೆ ನಾನು ಮತ್ತೆ ಸುಳ್ಳು ಹೇಳುತ್ತೇನೆ. ನಿನ್ನೆಯೂ ಹಾಗೇ ಆಯಿತು. ಗವಿಶ್ರೀ ಹನ್ನೆರಡು ದಿನದಿಂದ ಒಂದೇ ಹೊತ್ತು ಉಣ್ಣುತ್ತಾಳೆ, "ಉಂಡೀನ್ನ ನಾನ ಕೊಂದೆ" ಅಂತ ಗೋಡೆಗೆ ಮುಖಮಾಡಿ ಕೂಡುತ್ತಾಳೆ ಅಂತ ನೀನು ಅಳುತ್ತ ಹೇಳಿದೆ. "ಸಣ್ಣ ಹುಡುಗಿ, ಮರೀತಾಳ ಬಿಡು" ಅಂದು ನಾನು ಫೋನಿಟ್ಟೆ. ಆಮೇಲೆ ನನಗೂ ತುತ್ತು ಇಳಿಯಲಿಲ್ಲ.

ನಿನ್ನ ಮಗಳು ನಾಯಿಯನ್ನು ಕೊಂದಿಲ್ಲ ಅಕ್ಕ. ಕೊಂದವರು ನಾವು, ನಾನು ಮತ್ತು ನಮ್ಮನೆಯವರು.

ನಾಗರ ಅಮಾವಾಸ್ಯೆಯ ದಿನ ಮರಿ ಮಾರುವ ನಮ್ಮ ಅಂಗಡಿಯಿಂದ ಉಂಡಿಯನ್ನು ತಂದು ಅವಳ ಕೈಗೆ ಕೊಟ್ಟಾಗ, ಎರಡು ತಿಂಗಳ ಮರಿ, ಅಂಗೈ ಜಾತಿಯದು, ಎಷ್ಟು ವರ್ಷವಾದರೂ ಇಷ್ಟೇ ಇರುತ್ತದೆ ಅಂದಿದ್ದೆ. ಅದಕ್ಕೆ ಆಗ ಇಪ್ಪತ್ತಾರು ದಿನ. ಲಸಿಕೆಯ ಪುಸ್ತಕದಲ್ಲಿ ಸುಳ್ಳು ತಾರೀಖು ಬರೆದದ್ದು ನನ್ನ ಕೈ. ಅಂಗೈ ಜಾತಿ ಅನ್ನುವುದೇ ಇಲ್ಲ. ಒಂದು ಸೂಲಿನಲ್ಲಿ ಎಲ್ಲಕ್ಕಿಂತ ಬಡಕಲಾದದ್ದನ್ನು ಇನ್ನೊಂದು ಬಡಕಲಿನ ಜೊತೆ ಕೂಡಿಸುತ್ತಾರೆ, ಹುಟ್ಟಿದ ಮರಿಗೆ ಬೇಗ ಮೊಲೆ ಬಿಡಿಸಿ ಅರೆಹೊಟ್ಟೆಯಲ್ಲಿ ಇಡುತ್ತಾರೆ. ಅಷ್ಟೇ ವಿದ್ಯೆ. ಉಂಡಿಯ ನೆತ್ತಿ ಮುಟ್ಟಿ ಗವಿಶ್ರೀ "ಚಿಗವ್ವ, ಇಲ್ಲಿ ಮೆತ್ತಗದ" ಅಂದಿದ್ದಳು, ನೆನಪಿದೆಯೇ? ಎಲುಬು ಕೂಡಿರಲಿಲ್ಲ. ನಾನು ಅದೇ ಅದರ ಚೆಂದ ಅಂದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಾವು ಹೆಗ್ಗಣದಷ್ಟಿದ್ದ ನಾಯಿಯನ್ನು ಮುದ್ದು ಅಂತ ಊರಿಗೆಲ್ಲ ಹಂಚಿದೆವು.

ಹೋದ ವರ್ಷವೇ ನನಗೆ ಬುದ್ಧಿ ಬರಬೇಕಿತ್ತು. ಆಗ ನಮ್ಮನೆಯವರು ಗಿಡ್ಡ ಹಂದಿ ಅಂತ ಎರಡು ಮರಿ ತರಿಸಿದ್ದರು. ಲಿಂಗ ಕಟ್ಟಿದ ಮನೆಯಲ್ಲಿ ಹಂದಿಯೇ ಅಂತ ನೀನು ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದೆ. ಎಷ್ಟು ದೊಡ್ಡದಾಗುತ್ತದೆ ಅಂತ ನಾವೂ ಕೇಳಿದ್ದೆವು, ಕಳಿಸಿದವನು ತಾಯಿಯ ಫೋಟೋ ತೋರಿಸಿದ್ದ. ಮೊಣಕಾಲೆತ್ತರ ಇರಲಿಲ್ಲ. ಆ ತಾಯಿಗೇ ಆರು ತಿಂಗಳು ತುಂಬಿರಲಿಲ್ಲ, ಅದೂ ಇನ್ನೂ ಬೆಳೆಯುವ ಮರಿ ಅಂತ ಆಮೇಲೆ ತಿಳಿಯಿತು. ಆನೆಗೊಂದಿಯ ತೋಟದವರು ಒಯ್ದ ಹಂದಿ ಈಗ ಬಾಳೆಯ ಬುಡ ಕೀಳುತ್ತದಂತೆ. ನಾಲ್ಕು ಜನ ಹಿಡಿದರೂ ಜಗ್ಗುವುದಿಲ್ಲವಂತೆ. ಆ ಕಥೆಯನ್ನು ನಾನು ಪಂಚಮಿಯಲ್ಲಿ ನಿಮಗೆಲ್ಲ ಹೇಳಿ ನಗಿಸಿದೆ. ನನ್ನ ಮುಂದೆಯೇ ಗವಿಶ್ರೀ ಉಂಡಿಯನ್ನು ಮಡಿಲಲ್ಲಿಟ್ಟುಕೊಂಡು ಜೋಕಾಲಿ ಆಡುತ್ತಿದ್ದಳು.

ನಮ್ಮ ಅವ್ವನ ಕೈಯಲ್ಲಿ ಬೆಳೆದವಳು ನಾನು ಹೀಗೆ ಮಾಡಿದೆ. ಆಕಳು ಈದರೆ ಅವ್ವ ಯಾರನ್ನೂ ಕೊಟ್ಟಿಗೆಗೆ ಬಿಡುತ್ತಿರಲಿಲ್ಲ. "ಮೊದಲ ಕರದ ಹೊಟ್ಟಿ ತುಂಬ್ಲಿ, ಆಮ್ಯಾಲ ಚರಿಗಿ ಹಿಡೀರಿ" ಅನ್ನುತ್ತಿದ್ದಳು. ಅವಳಿದ್ದಿದ್ದರೆ ನನ್ನ ಅಂಗಡಿಯ ಹೊಸ್ತಿಲು ತುಳಿಯುತ್ತಿರಲಿಲ್ಲ.

ಇನ್ನು ಆ ಸೋಮವಾರದ ಮಾತು. ಈ ವರ್ಷ ಮೊದಲ ಸಲ ದೊಡ್ಡವರ ಜೊತೆ ಶ್ರಾವಣದ ಒಪ್ಪತ್ತು ಹಿಡಿದ ಹುಡುಗಿ, ಉಂಡಿಗೂ ಪುಣ್ಯ ಬರಲಿ ಅಂತ ಅದನ್ನೂ ಉಪವಾಸ ಇಟ್ಟಳು. "ಅದೂ ನಮ್ಮ ಮನಿ ಜೀವ ಅಲ್ಲೇನು" ಅಂತ ಅಜ್ಜಿ ಶೇಖರಮ್ಮನವರಿಗೆ ಹೇಳಿ ಹಾಲಿನ ಬಟ್ಟಲು ಎತ್ತಿಟ್ಟು ಸಾಲೆಗೆ ಹೋದಳಂತೆ. ದೀಪ ಹಚ್ಚುವ ಹೊತ್ತಿಗೆ ಮರಿ ತಣ್ಣಗಾಗಿತ್ತು. ಇದೆಲ್ಲ ನನಗೆ ಗೊತ್ತಾದದ್ದು ಅಂದು ರಾತ್ರಿ ನೀನು ಫೋನು ಮಾಡಿದ ಮೇಲೆಯೇ.

ಹೊಟ್ಟೆತುಂಬ ಮೊಲೆಯುಂಡು ಎರಡು ತಿಂಗಳು ತುಂಬಿದ ಮರಿ ಒಂದು ಹಗಲಿನ ಹಸಿವಿಗೆ ಸಾಯುವುದಿಲ್ಲ. ಉಂಡಿಯ ಮೈಯಲ್ಲಿ ಒಂದು ಹೊತ್ತಿಗಾಗುವಷ್ಟೂ ಕಸುವು ಇರಲಿಲ್ಲ. ಇರದಂತೆ ನಾವೇ ಮಾಡಿದ್ದೆವು. ಗವಿಶ್ರೀ ಒಪ್ಪತ್ತು ಹಿಡಿಸಿದ್ದು ಪ್ರೀತಿಯಿಂದ, ನಾವು ಹುಟ್ಟಿದಾಗಿನಿಂದ ಹಸಿವಿಟ್ಟದ್ದು ವ್ಯಾಪಾರಕ್ಕೆ. ಈ ಕಾಗದವನ್ನು ಅವಳಿಗೆ ಓದಿ ಹೇಳು. ಸಿಟ್ಟು ನನ್ನ ಮೇಲೆ ಬರಲಿ, ಅನ್ನದ ಮೇಲೆ ಬೇಡ. ನಾಡಿದ್ದು ನಾಲ್ಕನೇ ಸೋಮವಾರ. ಅಂದು ಅವಳು ಮೂರು ಹೊತ್ತೂ ಉಣ್ಣುವಂತೆ ಮಾಡು, ಆ ಒಪ್ಪತ್ತು ನಾನು ಹಿಡಿಯುತ್ತೇನೆ.

ನಮ್ಮ ಹಿತ್ತಲ ಕೋಣೆಯಲ್ಲಿ ಉಂಡಿಯ ತಾಯಿಯ ಜೊತೆಗಿರುವ ಇನ್ನೊಂದು ನಾಯಿ ಈಗ ಗಬ್ಬವಾಗಿದೆ. ಈ ಸಲದ ಮರಿಗಳನ್ನು ಎರಡು ತಿಂಗಳವರೆಗೆ ಯಾರಿಗೂ ಕೊಡುವುದಿಲ್ಲ ಅಂದೆ. "ಅಷ್ಟೊತ್ತಿಗೆ ಬೆಳೀತಾವ, ಯಾರ್ ಒಯ್ತಾರ?" ಅಂದರು ನಮ್ಮನೆಯವರು. ಮೂರು ದಿನದಿಂದ ನಮ್ಮಿಬ್ಬರಿಗೆ ಮಾತಿಲ್ಲ.

ನಿನ್ನ ತಂಗಿ,
ಶಿವಲೀಲಾ

ತಾಜಾಕಲಂ: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆ ಸೋಮವಾರ ಸಾಲೆ ಬಿಟ್ಟ ಮೇಲೆ, ನಾಲ್ಕೂವರೆಗೆ, ಗವಿಶ್ರೀ ನಿನ್ನ ಫೋನಿನಿಂದ ನನ್ನ ಜೊತೆ ಮಾತಾಡಿದ್ದಳು. "ಚಿಗವ್ವ, ಉಂಡಿ ನಡುಗಾಕತ್ತೇತಿ, ಏಳವಲ್ದು" ಅಂದಳು. ಏನಾಗಿದೆ ಅಂತ ನನಗೆ ಆ ಕ್ಷಣವೇ ಗೊತ್ತಾಯಿತು. ಚೂರು ಬೆಲ್ಲದ ನೀರು ವಸಡಿಗೆ ಹಚ್ಚು ಅಂದಿದ್ದರೆ ಬದುಕುತ್ತಿತ್ತೇನೋ. ಅದಕ್ಕೆಂದೇ ಅಂಗಡಿಯಲ್ಲಿ ನಾನು ಬೆಲ್ಲದ ಡಬ್ಬಿ ಇಡುತ್ತೇನೆ. ಎದುರಿಗೆ ಗಿರಾಕಿ ಕೂತಿದ್ದರು, ಅವರ ಮಡಿಲಲ್ಲಿ ಉಂಡಿಯ ತಮ್ಮ ಇತ್ತು. "ಸಣ್ಣ ಜಾತಿ ಹಂಗ ಮಲಗ್ತದ, ಎಬ್ಬಿಸಬ್ಯಾಡ" ಅಂದು ಇಟ್ಟೆ. ಮರುದಿನ ನಿಮ್ಮ ಮನೆಗೆ ಬಂದಾಗ ಹುಡುಗಿ ನನ್ನ ಸೆರಗು ಜಗ್ಗಿ ಕಿವಿಯಲ್ಲಿ ಹೇಳಿದಳು: "ನಿನಗ ಫೋನ್ ಮಾಡಿದ್ದು ಅವ್ವಗ ಹೇಳಿಲ್ಲ ಚಿಗವ್ವ. ನಿನ್ನ ಬೈತಾಳ."